ಆಸ್ಪತ್ರೆಯಲ್ಲಿರುವ ಮಗುವನ್ನು ನೋಡಲು ಹೋಗುವಾಗ ಏನನ್ನು ಗಮನಿಸಬೇಕು?

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿರುವ ಅಕ್ಕನ ಮಗನನ್ನು ನೋಡಲು ಹೋಗುವಾಗ ಯಾವ ಎಚ್ಚರಿಕೆ ಬೇಕೆಂದು ಕೇಳಿದ್ದೀರಿ. ಯಾವ ಹೊತ್ತಿಗೆ ಬಂದರೆ ಅನುಕೂಲ ಎಂದು ಮೊದಲು ಅಕ್ಕನನ್ನೇ ವಿಚಾರಿಸಿ. ನಿಮಗೆ ಜ್ವರ, ನೆಗಡಿ, ಕೆಮ್ಮು ಇದ್ದರೆ ದಯವಿಟ್ಟು ಹೋಗಲೇಬೇಡಿ. ವಾಂತಿ-ಭೇದಿಯಾಗಿದ್ದರೆ ಅದು ಪೂರ್ತಿ ನಿಂತು 48 ಗಂಟೆ ಕಳೆಯಲಿ. ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋಥೆರಪಿ ಪಡೆಯುತ್ತಿರುವ ಮಗುವಿಗಂತೂ, ನಾವು ‘ಅಮ್ಮ’ ಎಂದು ಕರೆಯುವ ಚಿಕನ್‌ಪಾಕ್ಸ್ ಕೂಡ ಪ್ರಾಣಾಪಾಯ ತರಬಲ್ಲದು.

ಹಾಸಿಗೆಯ ಬಳಿ ಹೋಗುವ ಮುನ್ನ ಬೆರಳ ಸಂದಿ, ಹೆಬ್ಬೆರಳು, ಉಂಗುರದ ಅಡಿಯನ್ನೂ ಬಿಡದೆ ಸೋಪಿನಿಂದ ಕೈ ತೊಳೆಯಿರಿ. ಭೇದಿ ಉಂಟುಮಾಡುವ ಕೆಲವು ರೋಗಾಣುಗಳ ಮೇಲೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ರೋಗಿಯ ಬಳಿ ಹೋಗುವಾಗ ಎಳನೀರು ಒಯ್ಯುವುದು ನಮ್ಮಲ್ಲಿ ರೂಢಿಯಾದರೂ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆಯಿರುವ ಮಗುವಿಗೆ ಅದು ಅಪಾಯಕಾರಿ. ಶಸ್ತ್ರಚಿಕಿತ್ಸೆಗೆಂದು ಖಾಲಿ ಹೊಟ್ಟೆಯಲ್ಲಿ ಇರಿಸಿರುವ ಮಗುವಿಗೆ ಒಂದು ಬಿಸ್ಕತ್ತನ್ನೂ ಕೊಡಬಾರದು. ಆದ್ದರಿಂದ ನರ್ಸ್ ಅವರನ್ನು ಕೇಳದೆ ಏನನ್ನೂ ತಿನ್ನಿಸಬೇಡಿ.

‘ಅಯ್ಯೋ, ಎಷ್ಟು ಸೊರಗಿಬಿಟ್ಟಿದ್ದಾನೆ’ ಎಂಬ ಮಾತು ಮಗುವಿನ ಕಿವಿಗೆ ಬೀಳದಿರಲಿ, ಮಲಗಿದ್ದರೆ ಎಬ್ಬಿಸಬೇಡಿ. ಹದಿನೈದು ನಿಮಿಷ ನೀವು ಪಕ್ಕದಲ್ಲಿ ಕುಳಿತು, ರಾತ್ರಿಯೆಲ್ಲ ಎಚ್ಚರವಿದ್ದ ಅಕ್ಕ ಸ್ನಾನ ಮುಗಿಸಿ ಎರಡು ತುತ್ತು ಊಟ ಮಾಡಿ ಬರಲು ಬಿಟ್ಟರೆ, ಅದು ಯಾವ ಹಣ್ಣಿನ ಬುಟ್ಟಿಗಿಂತಲೂ ಹೆಚ್ಚಿನ ನೆರವು.