ಅಬೆನಾಕಿ ಜನ ಈಗಲೂ ಇದ್ದಾರೆಯೇ? ಅವರ ಭಾಷೆ ಉಳಿದಿದೆಯೇ?

ಜನ ಇದ್ದಾರೆ, ಭಾಷೆಯ ವಿಷಯ ಅಷ್ಟು ಸುಲಭವಲ್ಲ.

ಅಮೆರಿಕದ ಇಂದಿನ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳ ನದಿಕಣಿವೆಗಳು ಅಲ್ಲಿನ ಮೂಲನಿವಾಸಿಗಳಾದ ಅಬೆನಾಕಿಗಳ ಹಳೆಯ ನೆಲೆ. ಸಾಂಕ್ರಾಮಿಕ ರೋಗಗಳೂ ಇಂಗ್ಲಿಷರೊಡನೆ ನಡೆದ ಯುದ್ಧಗಳೂ ಅವರಲ್ಲಿ ಅನೇಕರನ್ನು ಉತ್ತರಕ್ಕೆ, ಆಗ ಫ್ರೆಂಚರ ಕೈಯಲ್ಲಿದ್ದ, ಇಂದಿನ ಕೆನಡಾದ ಕ್ವಿಬೆಕ್‌ಗೆ ಅಟ್ಟಿದವು. ಅಲ್ಲಿನ ಒಡಾನಾಕ್ ಊರಿಗೆ 1759ರಲ್ಲಿ ಇಂಗ್ಲಿಷರ ಕಡೆಯ ರಾಬರ್ಟ್ ರೋಜರ್ಸ್‌ನ ದಂಡು ಬೆಂಕಿ ಇಟ್ಟಿತು. ಊರು ಮತ್ತೆ ಎದ್ದಿತು. ಒಡಾನಾಕ್ ಮತ್ತು ವೊಲಿನಾಕ್ ಇಂದಿಗೂ ಕೆನಡಾ ಸರ್ಕಾರದ ಮಾನ್ಯತೆ ಇರುವ ಅಬೆನಾಕಿ ಊರುಗಳು.

ಈ ಜನ 'ಕಣ್ಮರೆಯಾದರು' ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಡಾನಾಕ್‌ನ ಮುಖಂಡ ಜೋಸೆಫ್ ಲಾರೆಂಟ್ 1884ರಲ್ಲಿ ಅಬೆನಾಕಿ–ಇಂಗ್ಲಿಷ್ ಸಂಭಾಷಣೆಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ತಮ್ಮ ಮಕ್ಕಳು ಇಂಗ್ಲಿಷ್ ಕಲಿಯಬೇಕು, ತಮ್ಮ ಮಾತೂ ಕೆಡದೆ ಉಳಿಯಬೇಕು ಎಂಬ ಎರಡೂ ಆಸೆ ಅವರಿಗಿತ್ತು. ಅದೇ ವರ್ಷ ನ್ಯೂ ಹ್ಯಾಂಪ್‌ಶೈರ್‌ನ ಇಂಟರ್ವೇಲ್‌ನಲ್ಲಿ ಬಿಡಾರ ಹೂಡಿ, ಬೇಸಿಗೆಗೆ ಬರುವ ಪ್ರವಾಸಿಗರಿಗೆ ಬುಟ್ಟಿ ಮಾರತೊಡಗಿದರು. ಹಿರಿಯರನ್ನು ಓಡಿಸಿದ ಸೀಮೆಗೇ ವ್ಯಾಪಾರಕ್ಕೆ ಹೋದ ಆ ಗಟ್ಟಿತನ ನನಗೆ ಬಹಳ ಮೆಚ್ಚಿಗೆ. ಬುಟ್ಟಿಯ ಕೆಲಸವೂ ಸಾಮಾನ್ಯದ್ದಲ್ಲ: ಕಪ್ಪು ಆಶ್ ಮರದ ದಿಮ್ಮಿಯನ್ನು ಉದ್ದಕ್ಕೂ ಬಡಿದು ಬಡಿದು, ವರ್ಷವರ್ಷದ ಪದರಗಳನ್ನು ಬಿಡಿಸಿ, ಸೀಳಿ, ನಡುವೆ ಸುವಾಸನೆಯ ಹುಲ್ಲು ಸೇರಿಸಿ ಹೆಣೆಯುತ್ತಾರೆ. ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ ಈಗ ಆ ಮರಗಳನ್ನೇ ಕೊಲ್ಲುತ್ತಿದೆ.

ಭಾಷೆ ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಗಳಲ್ಲಿ ಅಲ್ಗಾಂಕ್ವಿಯನ್ ಎಂಬ ಕುಟುಂಬದ್ದು. ನಾಮಪದಗಳಲ್ಲಿ ಗಂಡು–ಹೆಣ್ಣು ಎಂಬ ಭೇದವಿಲ್ಲ, ಸಜೀವ–ನಿರ್ಜೀವ ಎಂಬ ಭೇದವಿದೆ. ಕ್ರಿಯಾಪದ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಒಡಾನಾಕ್‌ನಲ್ಲಿ ಉಳಿದದ್ದು ಪಶ್ಚಿಮ ಅಬೆನಾಕಿ. ಅದನ್ನು ಮನೆಯಲ್ಲೇ ಆಡಿ ಬೆಳೆದ ಪೀಳಿಗೆ ಬಹುಮಟ್ಟಿಗೆ ಮುಗಿದಿದೆ. ಆ ಪೀಳಿಗೆಯ ಸೆಸಿಲ್ ವಾವನೋಲೆಟ್ 2006ರಲ್ಲಿ ತೀರಿಕೊಂಡರು. ಅವರು ವರ್ಷಗಟ್ಟಲೆ ನಡೆಸಿದ ಪಾಠಗಳಿಂದ ಕಲಿತವರು ಈಗ ಇತರರಿಗೆ ಕಲಿಸುತ್ತಿದ್ದಾರೆ.

ಇನ್ನೊಂದು ವಿಷಯ ಗಮನದಲ್ಲಿರಲಿ. ವರ್ಮಾಂಟ್ ರಾಜ್ಯ 2011–12ರಲ್ಲಿ ನಾಲ್ಕು ಗುಂಪುಗಳಿಗೆ ಅಬೆನಾಕಿ ಎಂದು ಮಾನ್ಯತೆ ನೀಡಿತು. ಅವರಿಗೂ ತಮಗೂ ವಂಶದ ನಂಟೇ ಇಲ್ಲ ಎನ್ನುತ್ತದೆ ಒಡಾನಾಕ್. ಭಯದಿಂದ ತಲೆಮಾರುಗಳ ಕಾಲ ಗುರುತು ಮುಚ್ಚಿಟ್ಟುಕೊಂಡು ಬದುಕಿದೆವು ಎಂಬುದು ಆ ಗುಂಪುಗಳ ಮಾತು. ಅವುಗಳಲ್ಲಿ ಒಂದರ ಅರ್ಜಿಯನ್ನು ಅಮೆರಿಕದ ಕೇಂದ್ರ ಸರ್ಕಾರ 2007ರಲ್ಲಿ ತಿರಸ್ಕರಿಸಿದೆ. ನನ್ನ ಒಲವು ಒಡಾನಾಕ್ ಕಡೆಗೆ. ನೀವು ಮುಂದೆ ಏನೇ ಓದಿದರೂ, ಬರೆದವರು ಈ ಎರಡರಲ್ಲಿ ಯಾವ ಕಡೆಯವರೆಂದು ಮೊದಲು ನೋಡಿಕೊಳ್ಳಿ.