ಬೂತಾಯಿ ಲೇಖನದಲ್ಲಿ ದೋಣಿಯವರು ಎಲ್ಲಿ?

ಮಲ್ಪೆಯ ಓದುಗರೊಬ್ಬರ ಪತ್ರ: 'ಬೂತಾಯಿ (ಸಾರ್ಡೀನ್) ಮೀನು ಕಡಿಮೆಯಾದ ಬಗ್ಗೆ ನಾಲ್ಕು ಪುಟ ಬರೆದಿರಿ. ಮೂವರು ವಿಜ್ಞಾನಿಗಳು ಮಾತಾಡಿದ್ದಾರೆ. ಕಡಲಿನವರ ಮಾತು ಒಂದು ಸಾಲೂ ಇಲ್ಲ. ನಮ್ಮವರು ಫೋಟೊದಲ್ಲಿ ಬಲೆ ಎಳೆಯುತ್ತಿದ್ದಾರೆ, ಅಷ್ಟೆ. ನಮಗೇನು ಬಾಯಿ ಇಲ್ವಾ?'

ಸಂಪಾದಕರ ಉತ್ತರ:

ತಪ್ಪು ನಮ್ಮದೇ. ಸಂಚಿಕೆ ಮತ್ತೆ ತೆಗೆದು ನೋಡಿದೆ. ಫೋಟೊದಲ್ಲಿದ್ದವರ ಹೆಸರು ಕೂಡ ಹಾಕಿಲ್ಲ.

ಇನ್ನೂ ನಾಚಿಕೆಯಾಗುವ ವಿಷಯ ಇದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಇಳಿಯಿತು ಅಂತ ದಪ್ಪಕ್ಷರದಲ್ಲಿ ಹಾಕಿದ್ದೆವಲ್ಲ, ಆ ಲೆಕ್ಕ ಎಲ್ಲಿಂದ ಬಂತು? ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ಬಂದರುಗಳಲ್ಲಿ ನಿಲ್ಲುತ್ತಾರೆ. ಬಂದ ಬೋಟುಗಳಲ್ಲಿ ಕೆಲವನ್ನು ಆರಿಸಿಕೊಂಡು, ಏನು ಸಿಕ್ಕಿತು, ಎಷ್ಟು ಹೊತ್ತು ಹಿಡಿದಿರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಅದನ್ನೆಲ್ಲ ಕೂಡಿಸಿ ಕಟ್ಟಿದ ಲೆಕ್ಕ ಅದು. ಅಂದರೆ ವಿಜ್ಞಾನಿಗಳು ಕಡಲಿನವರನ್ನು ಕೇಳಿದ್ದರು, ಕೇಳದೆ ಬಿಟ್ಟವರು ನಾವು.

ಆದರೆ ನಿಮ್ಮ 'ಕಡಲಿನವರ ಮಾತು' ಅನ್ನುವುದಕ್ಕೆ ನನ್ನ ಸಣ್ಣ ತಕರಾರಿದೆ. ಅದು ಒಂದೇ ಮಾತಾ? ಮೀನು ಕಡಿಮೆಯಾದದ್ದಕ್ಕೆ ನಾಡದೋಣಿಯವರು ಪರ್ಸಿನ್ ಬೋಟು (ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತುವರಿಯುವ ಬೋಟು), ಲೈಟ್ ಫಿಶಿಂಗ್ (ದೀಪದ ಬೆಳಕಿಗೆ ಮೀನು ಸೆಳೆದು ಹಿಡಿಯುವುದು) ಕಡೆ ಬೆರಳು ತೋರಿಸುತ್ತಾರೆ. ಬೋಟಿನ ಮಾಲೀಕರು ಅದನ್ನು ಒಪ್ಪುವುದಿಲ್ಲ. ಮೀನು ಮಾರುವ ಹೆಂಗಸರಿಗೆ ಗೊತ್ತಿರುವುದೇ ಬೇರೆ: ಯಾವ ತಿಂಗಳು ಬುಟ್ಟಿಯಲ್ಲಿ ಬರೀ ಮರಿ ಇತ್ತು, ಯಾವಾಗ ಮೊಟ್ಟೆ ತುಂಬಿದ ಮೀನು ಬಂತು. ಇನ್ನು ಬೋಟಿನ ಮೇಲೆ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದವರೂ ಇದ್ದಾರೆ. ಅವರನ್ನು ಯಾರ ಲೆಕ್ಕಕ್ಕೆ ಹಾಕೋಣ? ಬೋಟು ನಡೆಸುವ ಒಬ್ಬ ತಂಡೇಲರನ್ನು ಮಾತಾಡಿಸಿ ಕೈತೊಳೆದುಕೊಂಡರೆ ಅದೂ ಫೋಟೊ ಹಾಕಿದ ಹಾಗೇ.

ಒಬ್ಬ ವಿಜ್ಞಾನಿ ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡುವುದು ನಮ್ಮ ಅಭ್ಯಾಸ. ದೋಣಿಯವರ ಮಾತನ್ನೂ ಹಾಗೇ ಕೆದಕುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಿ ಅಡಿಯ ತಣ್ಣೀರು ಮೇಲೆ ಬಂದರೆ ಬೂತಾಯಿಗೆ ಮೇವು ಜಾಸ್ತಿ ಅಂತ ವಿಜ್ಞಾನಿಗಳು ಹೇಳುತ್ತಾರೆ. ತೂಫಾನ್ ಎದ್ದು ಕಡಲು ಚೆನ್ನಾಗಿ ಕಲಕಿದರೆ ಮೀನುಗಾರಿಕೆ ಒಳ್ಳೆಯದಾಗುತ್ತದೆ ಅಂತ ನಿಮ್ಮ ಕಡೆ ಹೇಳುತ್ತಾರೆ. ಎರಡೂ ಒಂದೇನಾ, ಬೇರೆಬೇರೆಯಾ? ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಿದ್ದರೆ ಲೇಖನ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲಿರುತ್ತವೆ. ಬಲೆ ರಿಪೇರಿಯ ಆ ದಿನಗಳಲ್ಲಿ ನಮ್ಮ ವರದಿಗಾರರು ಬರುತ್ತಾರೆ. ಬರೆದದ್ದನ್ನು ಅಚ್ಚಿಗೆ ಮುಂಚೆ ಮಾತಾಡಿದವರಿಗೆ ಓದಿ ಹೇಳುತ್ತಾರೆ. ನಿಮ್ಮ ಅತ್ತೆ ಮೀನು ಮಾರುತ್ತಾರೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಮಾರ್ಕೆಟ್ಟಿಗೆ ಅವರು ಎಷ್ಟು ಹೊತ್ತಿಗೆ ಹೋಗುತ್ತಾರೆ, ತಿಳಿಸಿ. ಮೊದಲು ಅವರನ್ನೇ ಕಾಣಬೇಕು.