ಹಡಗಿನಲ್ಲಿ ಪ್ರಪಂಚ ಸುತ್ತುವಾಗ ಗೆಳೆಯರ ಜೊತೆ ಸಂಪರ್ಕದಲ್ಲಿರುವುದು ಹೇಗೆ?

ದಡದಿಂದ ಇಪ್ಪತ್ತು ಮೂವತ್ತು ಕಿ.ಮೀ. ದೂರ ಹೋದರೆ ಊರಿನ ಮೊಬೈಲ್ ಟವರ್ ಸಿಗುವುದಿಲ್ಲ. ಆಮೇಲೆ ಉಪಗ್ರಹವೇ ಗತಿ. ಹಳೆಯ ವ್ಯವಸ್ಥೆಯಲ್ಲಿ ಸಿಗ್ನಲ್ ಸುಮಾರು 36,000 ಕಿ.ಮೀ. ಮೇಲೆ ಹೋಗಿ ಬರಬೇಕು. ನೀವು 'ಹಲೋ' ಅಂತೀರಿ, ಉತ್ತರ ಬರಲಿಲ್ಲ ಅಂತ ಮತ್ತೆ 'ಹಲೋ' ಅಂತೀರಿ, ಅಷ್ಟರಲ್ಲಿ ಆ ಕಡೆಯವರ ಮಾತೂ ಬಂದು ಎರಡೂ ಕಲಸಿಹೋಗುತ್ತವೆ. ಸ್ಟಾರ್‌ಲಿಂಕ್ ಅನ್ನುವ ಹೊಸ ಇಂಟರ್ನೆಟ್ ಸೇವೆಯ ಉಪಗ್ರಹಗಳು ಇರುವುದು ಸುಮಾರು 550 ಕಿ.ಮೀ. ಎತ್ತರದಲ್ಲಿ, ಹಾಗಾಗಿ ಮಾತು ಅಷ್ಟು ತಡವಾಗುವುದಿಲ್ಲ. 2022ರಿಂದ ಅದು ಹಡಗುಗಳಿಗೂ ಬಂದಿದೆ, ವಿಡಿಯೊ ಕಾಲ್ ಕೂಡ ಆರಾಮಾಗಿ ನಡೆಯುತ್ತದೆ. ಟಿಕೆಟ್ ಮಾಡಿಸುವ ಮೊದಲೇ ಹಡಗಿನಲ್ಲಿ ಯಾವುದಿದೆ ಅಂತ ಕೇಳಿಕೊಳ್ಳಿ.

ಹತ್ತಿದ ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ. ಇಲ್ಲದಿದ್ದರೆ ಅದು ಹಡಗಿನದೇ ಮೊಬೈಲ್ ನೆಟ್‌ವರ್ಕ್ ಹಿಡಿದುಬಿಡಬಹುದು. ಮಾಮೂಲಿ ರೋಮಿಂಗ್ ಪ್ಯಾಕ್ ಅಲ್ಲಿ ಹೆಚ್ಚಾಗಿ ನಡೆಯುವುದಿಲ್ಲ. ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತೆ!

ನನ್ನ ಕೇಳಿದರೆ ಕಾಲ್‌ಗಿಂತ ವಾಯ್ಸ್ ಮೆಸೇಜ್ ವಾಸಿ. ಹಡಗಿನ ಗಡಿಯಾರ ಆಗಾಗ ಬದಲಾಗುತ್ತಿರುತ್ತದೆ, ನಿಮ್ಮ ಸಂಜೆ ಬೆಂಗಳೂರಿನ ನಡುರಾತ್ರಿ ಆಗಿರಬಹುದು. ಅಮೆರಿಕದಿಂದ ಜಪಾನ್ ಕಡೆ ಹೋಗುವಾಗ ದಿನಾಂಕ ರೇಖೆ (ಪೆಸಿಫಿಕ್ ಸಾಗರದಲ್ಲಿ ತಾರೀಖು ಬದಲಾಗುವ ಕಾಲ್ಪನಿಕ ಗೆರೆ) ದಾಟಿದರೆ ಒಂದು ದಿನವೇ ಮಾಯ. ಗೆಳೆಯನ ಹುಟ್ಟುಹಬ್ಬ ಅದೇ ದಿನ ಇದ್ದರೆ ಮರೆತೇಹೋಗುತ್ತೆ, ಅಲ್ವಾ? ಫೋನಿನಲ್ಲಿ ಭಾರತದ ಸಮಯದ ಗಡಿಯಾರ ಒಂದನ್ನು ಇಟ್ಟುಕೊಳ್ಳಿ.